ಸುತ್ತಿಗೆ ಹಿಡಿದ ಮುಖ್ಯಸ್ಥೆ

ಕೊನೆಯ ಊಟದ ರಾತ್ರಿ ಯೇಸು ತನ್ನ ಶಿಷ್ಯರ ಕಾಲು ತೊಳೆದ ಕತೆ ಯೋಹಾನನ ಸುವಾರ್ತೆಯಲ್ಲಿದೆ. ಆ ಕಾಲಕ್ಕೆ ಅದು ಆಳು ಮಾಡೋ ಕೆಲಸ. ಗುರುವೇ ಬಗ್ಗಿದ ಮೇಲೆ ದೊಡ್ಡವರು ಅನ್ನಿಸಿಕೊಳ್ಳೋದರ ಅರ್ಥವೇ ಬೇರೆಯಾಯ್ತು ನೋಡಿ.

ಆ ಪಾಠವನ್ನ ಬದುಕಿ ತೋರಿಸಿದವರು ನಮ್ಮ ವಾಷಿಂಗ್ಟನ್ ರಾಜ್ಯದಲ್ಲೇ ಇದ್ದರು: ಮದರ್ ಜೋಸೆಫ್. 1823ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದವರು. ಸಾರೋಟು ಮಾಡುತ್ತಿದ್ದ ಅಪ್ಪನಿಂದ ಮರಗೆಲಸ ಕಲಿತರು. 1856ರಲ್ಲಿ ನಾಲ್ವರು ಸನ್ಯಾಸಿನಿಯರೊಂದಿಗೆ ಇಲ್ಲಿನ ವ್ಯಾಂಕೂವರ್ ಊರಿಗೆ ಬಂದಾಗ ಗುಂಪಿನ ಮುಖ್ಯಸ್ಥೆ ಇವರೇ. ಆದ್ರೆ ಕುರ್ಚಿ ಹಾಕಿಕೊಂಡು ಕೂರಲಿಲ್ಲ, ಸುತ್ತಿಗೆ ಗರಗಸ ಹಿಡಿದರು. ಆಸ್ಪತ್ರೆ, ಶಾಲೆ, ಅನಾಥಾಲಯ ಕಟ್ಟಿಸಿದರು. ದುಡ್ಡು ಸಾಲದಿದ್ದಾಗ ಕುದುರೆ ಏರಿ ಗಣಿ ಕಾರ್ಮಿಕರ ಬಿಡಾರಗಳಿಗೆ ಹೋಗಿ ಬೇಡಿದರು. ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ಮುಖ್ಯ ಕಚೇರಿ ಇರುವ ಪ್ರಾವಿಡೆನ್ಸ್ ಆಸ್ಪತ್ರೆಗಳ ಬೇರು ಇದೇ.

ಅವರು ತೀರಿಕೊಂಡದ್ದು 1902ರಲ್ಲಿ. 1980ರಲ್ಲಿ ರಾಜ್ಯವು ಅಮೆರಿಕದ ಸಂಸತ್ ಭವನಕ್ಕೆ ಅವರ ಪ್ರತಿಮೆ ಕೊಟ್ಟಿತು. ಅಲ್ಲಿರುವ ಹೆಚ್ಚಿನ ನಾಯಕರು ಎದೆ ಸೆಟೆಸಿ ನಿಂತವರು. ಇವರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾರೆ, ಪಕ್ಕದಲ್ಲಿ ಕೆಲಸದ ಸಲಕರಣೆಗಳು.

ಆಫೀಸಿನ 'ಲೀಡರ್‌ಶಿಪ್' ತರಬೇತಿಗಳಲ್ಲಿ ಕೂತಾಗಲೆಲ್ಲ ನನಗಂತೂ ನೆನಪಾಗೋದು ಆ ಸುತ್ತಿಗೆಯೇ. ನೀವೇ ಹೇಳಿ, ನಮ್ಮಲ್ಲಿ ಎಷ್ಟು ಜನ ಮುಖ್ಯಸ್ಥರು ಬಗ್ಗಿ ಕೆಲಸ ಮಾಡ್ತಾರೆ?