ಗೂಗಲ್‌ನಲ್ಲಿ ಕೆಳಗಿಳಿದ ತಾಣ ಮತ್ತೆ ಮೇಲೇರಬೇಕಾದರೆ

ಅಮೆರಿಕದ ಹಬ್‌ಪೇಜಸ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದಿತ್ತು. ಜಾಹೀರಾತಿನ ಆದಾಯದಲ್ಲಿ ಬರೆದವರಿಗೂ ಪಾಲು ಸಿಗುತ್ತಿತ್ತು. ಇಂಥ ತಾಣಗಳಿಗೆ ಓದುಗರನ್ನು ತಂದುಕೊಡುತ್ತಿದ್ದುದು ಹೆಚ್ಚಾಗಿ ಗೂಗಲ್. 2011ರ ಫೆಬ್ರವರಿ 24ರಂದು ಗೂಗಲ್ ತನ್ನ ಅಲ್ಗಾರಿದಮ್ ಬದಲಿಸಿರುವುದಾಗಿ ಪ್ರಕಟಿಸಿತು. ಅಮೆರಿಕದಲ್ಲಿ ನಡೆಯುವ ಹುಡುಕಾಟಗಳ ಪೈಕಿ ಶೇ. 11.8ರಷ್ಟರ ಫಲಿತಾಂಶ ಎದ್ದು ಕಾಣುವಷ್ಟು ಬದಲಾಯಿತು. ಹಬ್‌ಪೇಜಸ್‌ಗೆ ಬರುವವರ ಸಂಖ್ಯೆ ದಿಢೀರನೆ ಕುಸಿಯಿತು. ಸರ್ವರ್ ನಿಂತಿರಲಿಲ್ಲ, ಒಂದು ಪುಟವೂ ಅಳಿಸಿಹೋಗಿರಲಿಲ್ಲ. ತಾಣವನ್ನು ಅಳೆಯುವ ಕ್ರಮ ಮಾತ್ರ ಬೇರೆಯಾಗಿತ್ತು.

ಆ ಬದಲಾವಣೆಯ ಹೆಸರು ಪಾಂಡಾ. ಅದಕ್ಕೆ ದಾರಿ ಮಾಡಿಕೊಟ್ಟ ಎಂಜಿನಿಯರ್ ನವನೀತ್ ಪಾಂಡಾ ಅವರ ಹೆಸರೇ ಅದಕ್ಕೂ ಬಂತು. ಅಲ್ಲಿಯವರೆಗೆ ಗೂಗಲ್‌ನ ದೊಡ್ಡ ಬಲ ಎಂದರೆ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ವಿವರಿಸಿದ ಪೇಜ್‌ರ್‍ಯಾಂಕ್: ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಲಿಂಕುಗಳನ್ನು ಎಣಿಸಿ, ತೂಗಿ, ಅದರ ಮಹತ್ವ ನಿರ್ಧರಿಸುವ ಗಣಿತ. ಆದರೆ ಜನ ಏನು ಹುಡುಕುತ್ತಾರೆಂದು ಮೊದಲೇ ಲೆಕ್ಕ ಹಾಕಿ, ಅಗ್ಗದ ಲೇಖನಗಳನ್ನು ರಾಶಿಗಟ್ಟಲೆ ಬರೆಸುವ ತಾಣಗಳು ಈ ಗಣಿತವನ್ನು ದಾಟಿ ಮೇಲೆ ಬರತೊಡಗಿದ್ದವು. ಆಗ ಗೂಗಲ್ ಪರೀಕ್ಷಕರ ಕೈಗೆ ಕೆಲವು ತಾಣಗಳನ್ನು ಕೊಟ್ಟು ಪ್ರಶ್ನೆ ಕೇಳಿತು. ಈ ತಾಣಕ್ಕೆ ನಿಮ್ಮ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡುತ್ತೀರಾ? ಇಲ್ಲಿ ಬರೆದಿರುವ ಔಷಧವನ್ನು ನಿಮ್ಮ ಮಕ್ಕಳಿಗೆ ಕೊಡುತ್ತೀರಾ? ಆ ಉತ್ತರಗಳಿಗೆ ಹೊಂದುವ ಗುರುತುಗಳನ್ನು ಪುಟಗಳಲ್ಲಿ ಕಂಡುಹಿಡಿಯಲು ಯಂತ್ರಕ್ಕೆ ಕಲಿಸಲಾಯಿತು. ನಂಬಿಕೆ ಎಂಬ ಮನುಷ್ಯಭಾವವನ್ನು ಅಂಕಿಗೆ ಇಳಿಸುವ ಈ ಪ್ರಯತ್ನ ನನಗೆ ಈ ಕಥೆಯಲ್ಲೇ ಅತ್ಯಂತ ಕುತೂಹಲದ ಭಾಗ.

ಪಾಂಡಾದ ಇನ್ನೊಂದು ಗುಣವನ್ನು ಬಹಳ ಮಂದಿ ತಡವಾಗಿ ಅರ್ಥ ಮಾಡಿಕೊಂಡರು. ತಾಣದ ಒಂದು ಭಾಗ ಕಳಪೆಯಾಗಿದ್ದರೆ ಇಡೀ ತಾಣದ ಸ್ಥಾನಕ್ಕೇ ಪೆಟ್ಟು ಬೀಳಬಹುದಿತ್ತು. ಹಬ್‌ಪೇಜಸ್‌ನಲ್ಲಿ ಶ್ರದ್ಧೆಯಿಂದ ಬರೆದವರೂ ಇದ್ದರು, ಎಲ್ಲಿಂದಲೋ ಎತ್ತಿ ಹಾಕಿದವರೂ ಇದ್ದರು. ಅಂಕ ಮಾತ್ರ ಎಲ್ಲರದೂ ಒಂದೇ. ಅದೇ ವರ್ಷದ ಬೇಸಿಗೆಯಲ್ಲಿ ತಾಣದವರು ಪ್ರತಿ ಲೇಖಕರಿಗೂ ಒಂದೊಂದು ಉಪವಿಳಾಸ, ಅಂದರೆ ಸಬ್‌ಡೊಮೇನ್ ಕೊಟ್ಟು ನೋಡಿದರು. ಕೆಲವು ಲೇಖಕರ ಓದುಗರು ವಾಪಸು ಬಂದರು. ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಮುಂದೆ ಲೇಖನಗಳ ಗುಣಮಟ್ಟ ಅಳೆಯುವ ವ್ಯವಸ್ಥೆ ಬಂತು. ಆಯ್ದ ಲೇಖನಗಳನ್ನು ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ತಾಣಗಳಿಗೆ ಸಾಗಿಸುವ ಕೆಲಸವೂ ವರ್ಷಗಳ ನಂತರ ನಡೆಯಿತು.

ಈಗ ಗೂಗಲ್ ವರ್ಷಕ್ಕೆ ಹಲವು ಸಲ ‘ಕೋರ್ ಅಪ್‌ಡೇಟ್’, ಅಂದರೆ ತಾಣಗಳನ್ನು ಮತ್ತೆ ಅಳೆಯುವ ದೊಡ್ಡ ಬದಲಾವಣೆ ತರುತ್ತದೆ. ಅದರ ನಂತರ ಓದುಗರು ಕಡಿಮೆಯಾದರೆ ತಾಣದ ಒಡೆಯರು ಮೊದಲು ಮಾಡುವ ಕೆಲಸ ಗಾಬರಿಯಿಂದ ಎಲ್ಲವನ್ನೂ ತಿದ್ದುವುದು. ಶೀರ್ಷಿಕೆ ಬದಲಿಸುತ್ತಾರೆ, ಹಳೆಯ ಪುಟ ಅಳಿಸುತ್ತಾರೆ, ವಿನ್ಯಾಸವನ್ನೇ ಹೊಸದು ಮಾಡುತ್ತಾರೆ. ಆಮೇಲೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಗೂಗಲ್‌ನವರ ಸಲಹೆ ಬೇರೆ: ಅಪ್‌ಡೇಟ್ ಪೂರ್ತಿ ಜಾರಿಯಾದ ಮೇಲೆ ಒಂದು ವಾರವಾದರೂ ಕಾಯಬೇಕು, ಆ ವಾರವನ್ನು ಅಪ್‌ಡೇಟ್ ಶುರುವಾಗುವ ಮುಂಚಿನ ವಾರದ ಜೊತೆ ಹೋಲಿಸಬೇಕು.

ಹೋಲಿಸಲು ಬೇಕಾದ ಅಂಕಿಗಳು ಸರ್ಚ್ ಕನ್ಸೋಲ್ ಎಂಬ ಉಚಿತ ಸಲಕರಣೆಯಲ್ಲಿ 16 ತಿಂಗಳಷ್ಟು ಸಿಗುತ್ತವೆ. ಫಲಿತಾಂಶದ ಪಟ್ಟಿಯಲ್ಲಿ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಕ್ಲಿಕ್ ಮಾಡಿದರು, ಸರಾಸರಿ ಎಷ್ಟನೆಯ ಸ್ಥಾನ ಎಂಬುದೆಲ್ಲ ಅಲ್ಲಿದೆ. ಕಾಣಿಸಿದ ಸಂಖ್ಯೆಯೂ ಸ್ಥಾನವೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಜನರಿಗೆ ಉತ್ತರ ಗೂಗಲ್ ಪುಟದಲ್ಲೇ ಸಿಕ್ಕಿರಬಹುದು. ಕೃತಕ ಬುದ್ಧಿಮತ್ತೆಯ ಸಾರಾಂಶಗಳು 2024ರಿಂದ ಫಲಿತಾಂಶಗಳ ಮೇಲೆಯೇ ಕೂತಿವೆ. ಮಾವಿನಕಾಯಿ ಉಪ್ಪಿನಕಾಯಿಯ ಪುಟ ಮಳೆಗಾಲದಲ್ಲಿ ಇಳಿದರೆ ಅದು ಋತುವಿನ ಮಾತು. ಕಳೆದ ವರ್ಷದ ಅದೇ ತಿಂಗಳನ್ನು ನೋಡಿದರೆ ಗೊತ್ತಾಗುತ್ತದೆ. ಪುಟಗಳು ಗೂಗಲ್‌ನ ಸೂಚಿಯಿಂದಲೇ ಮಾಯವಾಗಿದ್ದರೆ ಅಲ್ಗಾರಿದಮ್ಮನ್ನು ದೂರಬೇಕಿಲ್ಲ. ಹೊಸ ವಿನ್ಯಾಸ ಹಾಕುವಾಗ ಯಾರೋ ಸೂಚಿಗೆ ಸೇರಿಸಬೇಡಿ ಎನ್ನುವ ‘ನೋಇಂಡೆಕ್ಸ್’ ಸೂಚನೆಯನ್ನು ತೆಗೆಯಲು ಮರೆತಿರಬಹುದು. ನಿಯಮ ಮೀರಿದ್ದಕ್ಕೆ ಗೂಗಲ್ ಸಿಬ್ಬಂದಿಯೇ ಕ್ರಮ ಕೈಗೊಂಡಿದ್ದರೆ ಆ ನೋಟಿಸು ಕೂಡ ಕನ್ಸೋಲ್‌ನಲ್ಲೇ ಇರುತ್ತದೆ.

ಇವು ಯಾವುವೂ ಅಲ್ಲವೆಂದಾದರೆ ಮರುಮೌಲ್ಯಮಾಪನವೇ ಕಾರಣ ಎಂದುಕೊಳ್ಳಬಹುದು. ಎರಡನೆಯ ಸ್ಥಾನದಿಂದ ನಾಲ್ಕಕ್ಕೆ ಇಳಿದರೆ ದೊಡ್ಡ ಬದಲಾವಣೆಗೆ ಕೈ ಹಾಕಬೇಡಿ ಎನ್ನುತ್ತದೆ ಗೂಗಲ್. ನಾಲ್ಕರಿಂದ 29ಕ್ಕೆ ಇಳಿದರೆ ತಾಣವನ್ನು ಆಳವಾಗಿ ಪರಿಶೀಲಿಸಬೇಕು. 2015ರಲ್ಲಿ ಮಾಡಿದ ನೂರು ಶ್ರೇಷ್ಠ ಸಿನಿಮಾಗಳ ಪಟ್ಟಿಯನ್ನು ಕೆಲವು ವರ್ಷ ಬಿಟ್ಟು ಮತ್ತೆ ಮಾಡಿದಂತೆ ಈ ಕೆಲಸ ಎಂದು ಗೂಗಲ್ ಒಮ್ಮೆ ವಿವರಿಸಿತ್ತು: ಕೆಳಗೆ ಹೋದ ಸಿನಿಮಾ ಕೆಟ್ಟದ್ದೆಂದಲ್ಲ, ಅದಕ್ಕಿಂತ ಮೇಲೆ ಇಡಬೇಕಾದವು ಬಂದಿವೆ. ತಪ್ಪು ಹುಡುಕಿ ಸರಿಪಡಿಸುತ್ತೇನೆ ಎಂದು ಹೊರಟವರಿಗೆ ತಪ್ಪೇ ಸಿಗದೆ ಕೈಸೋಲುವುದು ಇದೇ ಕಾರಣಕ್ಕೆ.

ನುಚ್ಚಿನುಂಡೆ ಮಾಡುವ ಬಗೆ ಹೇಳುವ ಪುಟವೊಂದು 29ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಈಗ ಮೇಲಿರುವ ಐದು ಪುಟಗಳನ್ನು ತೆರೆದು ಓದಬೇಕು. ಅಲ್ಲಿ ಬೇಳೆ ಎಷ್ಟು ಹೊತ್ತು ನೆನೆಯಬೇಕು, ಎಷ್ಟು ತರಿತರಿಯಾಗಿ ರುಬ್ಬಬೇಕು, ಹಬೆಯಲ್ಲಿ ಉಂಡೆ ಒಡೆದರೆ ಏನು ಮಾಡಬೇಕು ಎಂಬುದು ಸ್ವಂತ ಚಿತ್ರಗಳೊಂದಿಗೆ ಇದ್ದು, ನಮ್ಮ ಪುಟದಲ್ಲಿ ತಿಂಡಿಯ ಹಿರಿಮೆಯ ಮೇಲೆ ನಾಲ್ಕು ಪ್ಯಾರಾ, ಎಲ್ಲಿಂದಲೋ ತಂದ ಒಂದು ಫೋಟೊ, ಕೊನೆಯಲ್ಲಿ ಐದು ಸಾಲಿನ ವಿಧಾನ ಇದ್ದರೆ, ಉತ್ತರ ಅಲ್ಲಿಯೇ ಇದೆ. ಒಲೆಯ ಮುಂದೆ ನಿಂತು ಉಂಡೆ ಒಡೆದದ್ದನ್ನು ಕಂಡವರು ಬರೆಯಬಲ್ಲದ್ದನ್ನು ಪದಗಳ ಸಂಖ್ಯೆ ಹೆಚ್ಚಿಸಿ ತುಂಬಲಾಗದು. ಅಳಿಸುವುದು ಕೊನೆಯ ದಾರಿ. ತಿದ್ದಿ ಉಳಿಸಬಹುದಾದ ಪುಟವನ್ನು ಕಿತ್ತುಹಾಕಬಾರದು.

ಕಾಯುವಿಕೆಯೇ ಇದರಲ್ಲಿ ಕಷ್ಟದ ಭಾಗ. 2012ರ ಏಪ್ರಿಲ್‌ನಲ್ಲಿ ಬಂದ ಪೆಂಗ್ವಿನ್ ಎಂಬ ಇನ್ನೊಂದು ಅಲ್ಗಾರಿದಮ್ ಬದಲಾವಣೆ, ಹಣ ಕೊಟ್ಟು ಗಳಿಸಿದ ಲಿಂಕುಗಳಂಥ ಕೃತಕ ಲಿಂಕುಗಳ ಮೇಲೆ ಕಣ್ಣಿಟ್ಟಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್, ಇಂಥ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತಿಳಿಸುವ ‘ಡಿಸ್‌ಅವೋ’ ಸೌಲಭ್ಯ ಕೊಟ್ಟಿತು. ಆದರೆ ಪೆಂಗ್ವಿನ್ ಆಗಾಗ ಮಾತ್ರ ಮರುಲೆಕ್ಕ ಮಾಡುತ್ತಿತ್ತು. 2014ರ ಅಕ್ಟೋಬರ್‌ನ ಆವೃತ್ತಿಯ ನಂತರ ಮುಂದಿನದು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ನಡುವೆ ಪ್ರಾಮಾಣಿಕವಾಗಿ ತೊಳೆದುಕೊಂಡವರೂ ಸುಮಾರು ಎರಡು ವರ್ಷ ಕೆಳಗೇ ಕೂರಬೇಕಾಯಿತು. ಒಬ್ಬರೇ ನಡೆಸುವ ಪುಟ್ಟ ತಾಣದ ಮಟ್ಟಿಗೆ ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. 2016ರ ಆ ಆವೃತ್ತಿಯಿಂದ ಪೆಂಗ್ವಿನ್ ಮುಖ್ಯ ಅಲ್ಗಾರಿದಮ್ಮಿನ ಭಾಗವಾಯಿತು; ಲೆಕ್ಕ ನಿರಂತರವಾಗಿ ನಡೆಯತೊಡಗಿತು.

ಇಂದು ಕೆಲವು ತಿದ್ದುಪಡಿಗಳ ಫಲ ಕೆಲವೇ ದಿನಗಳಲ್ಲಿ ಕಾಣಬಹುದು. ತಾಣ ಒಟ್ಟಾರೆ ಉಪಯುಕ್ತ ಎಂದು ವ್ಯವಸ್ಥೆಗೆ ಮನದಟ್ಟಾಗಲು ತಿಂಗಳುಗಳೇ ಹಿಡಿಯಬಹುದು. ತಿದ್ದಿದರೂ ಹಳೆಯ ಸ್ಥಾನ ಸಿಕ್ಕೇ ಸಿಗುತ್ತದೆಂಬ ಖಾತರಿಯನ್ನು ಗೂಗಲ್ ಕೊಡುವುದಿಲ್ಲ. ವಾರದಲ್ಲಿ ಮೇಲೆ ತರುತ್ತೇವೆಂದು ಖಾತರಿ ಕೊಟ್ಟು ಹಣ ಕೇಳುವವರಿಂದ ದೂರವಿರುವುದು ಕ್ಷೇಮ. ತಿದ್ದಿದ ದಿನಾಂಕ, ತಿದ್ದಿದ ಪುಟ, ಮಾಡಿದ ಬದಲಾವಣೆ ಇಷ್ಟನ್ನು ಬರೆದಿಟ್ಟುಕೊಂಡು, ಆ ಪುಟವನ್ನು ಯಾವ ಹುಡುಕಾಟಗಳು ಮತ್ತೆ ತೋರಿಸಲು ಶುರುಮಾಡಿವೆ ಎಂದು ತಿಂಗಳಿಗೊಮ್ಮೆ ನೋಡುತ್ತಿದ್ದರೆ, ಮುಂದಿನ ಪುಟವನ್ನು ಹೇಗೆ ತಿದ್ದಬೇಕೆಂಬ ಸುಳಿವು ಆ ಪಟ್ಟಿಯಲ್ಲೇ ಸಿಗುತ್ತದೆ.