ತಾಂಡಾ ಮಕ್ಕಳಿಗೆ ‘ಓದುವ ಬೆಳಕು’

ಮನೆಯಲ್ಲಿ ಲಂಬಾಣಿ ಮಾತು,
ಶಾಲೆಯಲ್ಲಿ ಕನ್ನಡ ಪಾಠ.
ಮಗು ಧೈರ್ಯವಾಗಿ ಬಾಯಿ ಬಿಡೋದು ಹೇಗೆ?

ಚಿಂಚೋಳಿ, ಚಂದಾಪುರದ ಸುತ್ತ ಲಂಬಾಣಿ ತಾಂಡಾಗಳು ಸಾಕಷ್ಟಿವೆ.
ಅಲ್ಲಿನ ಮಗು ಒಂದು ಪದ ತಪ್ಪಿ ಓದಿದರೆ
ಹಿಂದಿನ ಬೆಂಚಿನಿಂದ ನಗು.
ಮರುದಿನ ಆ ಮಗು ಕೈ ಎತ್ತೋದೇ ಇಲ್ಲ.

ಇದಕ್ಕೆ ಮದ್ದು ಹತ್ತಿರದಲ್ಲೇ ಇದೆ:
ಗ್ರಾಮ ಪಂಚಾಯಿತಿ ಗ್ರಂಥಾಲಯ,
ಈಗಿನ ಹೆಸರು ಅರಿವು ಕೇಂದ್ರ.

2020ರಲ್ಲಿ ರಾಜ್ಯ ಸರ್ಕಾರ ಈ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರು ಮಾಡಿತು.
6ರಿಂದ 18 ವರ್ಷದ ಮಕ್ಕಳಿಗೆ
ಇಲ್ಲಿ ಸದಸ್ಯತ್ವ ಉಚಿತ.

ಪರೀಕ್ಷೆ ಇಲ್ಲ, ಅಂಕ ಇಲ್ಲ.
ಗಟ್ಟಿಯಾಗಿ ಓದಬಹುದು, ಕಥೆ ಹೇಳಬಹುದು.
ಬಾವಿಯಲ್ಲಿ ಈಜು ಕಲಿಯೋರ ಸೊಂಟಕ್ಕೆ
ಸೋರೆಬುರುಡೆ ಕಟ್ಟಿದ ಹಾಗೆ:
ಮುಳುಗುವ ಭಯವಿಲ್ಲದೆ ಕೈಕಾಲು ಬಡಿಯಬಹುದು.

ಯಾರಾದರೂ ಹೀಯಾಳಿಸಿದರೆ?
ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಇದೆ,
ಮಕ್ಕಳೇ ಎದ್ದು ನಿಂತು ಹೇಳಬಹುದು.
ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೇಕಿಲ್ಲ.

ಈ ವಾರವೇ ಮಗುವನ್ನು ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ,
ಹೆಸರು ಬರೆಸಿ.