ಕ್ರಯಪತ್ರದೊಳಗಿನ ಒಂದು ಷರತ್ತು

ಮನೆಯೆಂದರೆ ಗೋಡೆ ಮಾಡುಗಳಷ್ಟೇ ಅಲ್ಲವೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ತಂದೆ ಕಟ್ಟಿಸಿದ ಮನೆ ಮಗನಿಗೆ ನೆರಳು. ಮಗಳ ಮದುವೆಗೂ ಮೊಮ್ಮಗನ ವಿದ್ಯೆಗೂ ಅದೇ ಆಧಾರ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಣಭೇದವು ಎಲ್ಲಿ ಬೇರುಬಿಟ್ಟಿದೆಯೆಂದು ಯಾರಾದರೂ ಕೇಳಿದರೆ, ಬೀದಿಯ ಗಲಭೆಗಳಿಗಿಂತ ಹೆಚ್ಚಾಗಿ ಮನೆಯ ಕಾಗದಪತ್ರಗಳಲ್ಲಿ ಎಂದು ನಾವು ಉತ್ತರ ಕೊಡುವೆವು. ಈ ಮಾತು ನಮ್ಮ ಅನುಭವಕ್ಕೆ ಬಂದ ಸಂದರ್ಭವನ್ನು ಇಲ್ಲಿ ಅರಿಕೆಮಾಡುತ್ತೇವೆ.

ಕೆಲವು ವರ್ಷಗಳ ಕೆಳಗೆ ನಾವು ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ಪಟ್ಟಣದಲ್ಲಿರುವ ನಮ್ಮ ತಂಗಿಯ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆವು. ಅವನು ಕೊಂಡದ್ದು ಇಟ್ಟಿಗೆಯ ಹಳೆಯ ಮನೆ. ಮರುದಿನ ಅವನು ಪೂರ್ವಪತ್ರಗಳ ಕಟ್ಟೊಂದನ್ನು ನಮ್ಮ ಮುಂದಿಟ್ಟು, “ಮಾವಾ, ಇದನ್ನು ಸ್ವಲ್ಪ ಓದಿ” ಎಂದನು. ಅದು 1930ರ ದಶಕದ ಪತ್ರ. ಈ ನಿವೇಶನದಲ್ಲಿ ಬಿಳಿಯ ವರ್ಣದವರಲ್ಲದೆ ಅನ್ಯರು ವಾಸಿಸಕೂಡದು, ಮನೆಗೆಲಸದ ಆಳುಗಳಿಗೆ ಮಾತ್ರ ಈ ನಿರ್ಬಂಧವಿಲ್ಲ ಎಂಬ ಅರ್ಥದ ಷರತ್ತು ಅದರಲ್ಲಿತ್ತು. ಹಿಂದಿನ ದಿನ ಹಾಲುಕ್ಕಿಸಿದ್ದ ಒಲೆಯ ಬಳಿ ನಿಂತಿದ್ದ ಅವನ ಹೆಂಡತಿ, “ಹಾಗಾದರೆ ನಾನು ಆಗ ಬಂದಿದ್ದರೆ ಈ ಮನೆಗೆ ಅಡುಗೆಯವಳಾಗಿಯೇ ಬರಬೇಕಾಗಿತ್ತು” ಎಂದಳು. ಯಾರೂ ನಗಲಿಲ್ಲ.

ಇದು ಯಾರೋ ಒಬ್ಬ ಮಾಲಿಕನ ಹುಚ್ಚಲ್ಲ. ಅನೇಕ ಪಟ್ಟಣಗಳಲ್ಲಿ ಬೀದಿಗೆ ಬೀದಿಯೇ ಇಂತಹ ಷರತ್ತುಗಳಿಗೆ ಕಟ್ಟುಬಿದ್ದಿತ್ತು. ಅದೇ ಸೇಂಟ್ ಲೂಯಿಸ್‌ನಲ್ಲಿ 1945ರಲ್ಲಿ ಜೆ. ಡಿ. ಶೆಲ್ಲಿ ಎಂಬ ಕಪ್ಪು ವರ್ಣದ ಗೃಹಸ್ಥನೂ ಅವನ ಪತ್ನಿ ಎಥೆಲಳೂ ಲಬಾಡಿ ಬೀದಿಯಲ್ಲಿ ಒಂದು ಮನೆಯನ್ನು ಕೊಂಡರು. 1911ರ ಷರತ್ತೊಂದನ್ನು ಮುಂದುಮಾಡಿ ನೆರೆಯವರು ಅವರನ್ನು ಬಿಡಿಸಲು ದಾವೆ ಹೂಡಿದರು. ಸಂಸ್ಥಾನದ ನ್ಯಾಯಾಲಯವು ನೆರೆಯವರ ಪಕ್ಷವನ್ನೇ ಹಿಡಿಯಿತು. ಶೆಲ್ಲಿ ದಂಪತಿಗಳು ಹಿಮ್ಮೆಟ್ಟಲಿಲ್ಲ. 1948ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಇಂತಹ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿಗೆ ತರಕೂಡದೆಂದು ತೀರ್ಪುಕೊಟ್ಟಿತು. ಆದರೂ ಮನೆ ಮಾರುವುದರಲ್ಲಿಯೂ ಬಾಡಿಗೆಗೆ ಕೊಡುವುದರಲ್ಲಿಯೂ ವರ್ಣವನ್ನೆಣಿಸುವುದು ಕಾನೂನಿಗೆ ವಿರುದ್ಧವಾದದ್ದು 1968ರ ಏಪ್ರಿಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ಒಂದು ವಾರದ ಮೇಲೆ.

ನೆರೆಯವರ ದ್ವೇಷಕ್ಕಿಂತ ಸರ್ಕಾರದ ಲೇಖನಿಯೇ ಹೆಚ್ಚು ಹಾನಿಮಾಡಿತೆಂದು ತೋರುತ್ತದೆ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯು ಪಟ್ಟಣಗಳ ನಕ್ಷೆಗಳನ್ನು ಬರೆಯಿಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಎಂದು ನಾಲ್ಕು ಬಣ್ಣಗಳನ್ನು ಹಾಕಿಸಿತು. ಕೆಂಪೆಂದರೆ ಸಾಲ ಕೊಡಲು ಅಪಾಯದ ಸ್ಥಳ. ಕಪ್ಪು ಜನರು ವಾಸಿಸುವ ಕೇರಿಗಳಿಗೆ ಬಹುಮಟ್ಟಿಗೆ ಈ ಕೆಂಪೇ ಗತಿಯಾಯಿತು. 1934ರಿಂದ ಸರ್ಕಾರವು ಗೃಹಸಾಲಗಳಿಗೆ ತಾನೇ ಹೊಣೆನಿಂತು, ಸಾಮಾನ್ಯ ಸಂಬಳದವನೂ ದೀರ್ಘ ಕಾಲದ ಕಂತಿನಲ್ಲಿ ಮನೆ ಮಾಡಿಕೊಳ್ಳುವಂತೆ ಅನುಕೂಲ ಕಲ್ಪಿಸಿತು. ಆದರೆ ಆ ಅನುಕೂಲವು ಸೇರಿದ್ದು ಹೆಚ್ಚಾಗಿ ಬಿಳಿಯರಿಗೆ. ಅಂದು ಸಾಲ ದೊರೆತವನ ಮನೆಯ ಬೆಲೆ ಏರಿತು, ಮಗನಿಗೆ ಬಂದಿತು. ದೊರೆಯದವನು ಬಾಡಿಗೆ ಕಟ್ಟುತ್ತಲೇ ಮುದುಕನಾದನು. ಆ ದೇಶದಲ್ಲಿ ಶಾಲೆಗಳ ವೆಚ್ಚಕ್ಕೆ ಊರಿನ ಮನೆತೆರಿಗೆಯು ಬಹುಭಾಗ ಆಧಾರವಾದುದರಿಂದ, ಬೆಲೆಯಿಲ್ಲದ ಮನೆಗಳ ಕೇರಿಗೆ ಬಡ ಶಾಲೆಯೇ ಬಂದಿತು. 2022ರ ಗಣತಿಯಲ್ಲಿ ಆ ದೇಶದ ಕೇಂದ್ರ ಬ್ಯಾಂಕು ಕಂಡಂತೆ, ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರು. ಕಪ್ಪು ಕುಟುಂಬದ್ದು ಸುಮಾರು 44,900. ಒಂದಕ್ಕೆ ಆರು ಪಾಲಿನ ಈ ಅಂತರವನ್ನು ಸೋಮಾರಿತನವೆಂಬ ಒಂದು ಮಾತಿನಿಂದ ವಿವರಿಸುವವರು ಆ ನಕ್ಷೆಗಳನ್ನು ನೋಡಿಲ್ಲ.

ನಮ್ಮ ಹುಡುಗನಿಗೆ ಇದೆಲ್ಲ ತಿಳಿಯದುದಲ್ಲ. ಆದರೂ ಅವನೆಂದನು: “ಮಾವಾ, ನಾನು ಯಾರ ಮನೆಯನ್ನೂ ಕಿತ್ತುಕೊಂಡವನಲ್ಲ. ಹಗಲಿರುಳು ಓದಿ ಬಂದೆ. ಈ ಹಳೆಯ ಅನ್ಯಾಯಕ್ಕೂ ನನಗೂ ಏನು ಸಂಬಂಧ?”

ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕಾಗಿ ನಾವು ಭಗತ್ ಸಿಂಗ್ ಥಿಂಡ್ ಎಂಬುವರನ್ನು ನೆನೆದೆವು. ಪಂಜಾಬಿನ ಈ ಗೃಹಸ್ಥರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾದ ಸೈನ್ಯದಲ್ಲಿದ್ದವರು. ಪೌರತ್ವ ಬೇಡುವಾಗ, ತಾವು ಆರ್ಯವಂಶದ ಉಚ್ಚಜಾತಿಯವರಾದುದರಿಂದ ಬಿಳಿಯರೇ ಎಂದು ವಾದಿಸಿದರು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಬೇಲಿಯನ್ನು ತೆಗೆಯಿರೆಂದು ಅವರು ಕೇಳಲಿಲ್ಲ. ಬೇಲಿಯ ಒಳಗೆ ತಮಗೊಂದು ಸ್ಥಳ ಕೇಳಿದರು. ಅದೂ ದೊರೆಯಲಿಲ್ಲ. 1946ರ ಕಾನೂನು ಭಾರತೀಯರಿಗೆ ಪೌರತ್ವವನ್ನು ಕೊಟ್ಟಿತಾದರೂ ವರ್ಷಕ್ಕೆ ಸುಮಾರು ನೂರು ಮಂದಿಯ ಪ್ರವೇಶಕ್ಕೆ ಮಾತ್ರ ಅವಕಾಶವಿತ್ತು. ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನರು ಏಟು ತಿಂದು, ಸೆರೆಮನೆ ಕಂಡು, ಪ್ರಾಣವಿತ್ತು 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನನ್ನು ಗಳಿಸಿದ್ದರು. ಆ ಗಾಳಿ ಬೀಸಿದ್ದರಿಂದಲೇ ಈ ಬಾಗಿಲೂ ತೆರೆಯಿತು. ಅದರಲ್ಲಿಯೂ ಆ ಕಾನೂನು ವಿದ್ಯಾವಂತರಿಗೆ ಆದ್ಯತೆ ಕೊಟ್ಟಿತು. ನಮ್ಮಲ್ಲಿ ಸಾರ್ವಜನಿಕರ ಹಣದಿಂದ ನಡೆದ ಕಾಲೇಜುಗಳಲ್ಲಿ ಓದಿದವರು ಆರಿಸಲ್ಪಟ್ಟು ಹೋದರು. ಶ್ರಮ ಅವರದು, ನಿಜ. ದಾರಿ ಮಾತ್ರ ಪರರು ಕಡಿದದ್ದು.

ಇದನ್ನೆಲ್ಲ ಹೇಳಿದಾಗ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಬೆಂಗಳೂರಿನ ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೊಡುವಾಗ ಅಮ್ಮ ಮೊದಲು ಏನು ಕೇಳುತ್ತಾಳೆ, ಗೊತ್ತೆ ಮಾವಾ?” ಎಂದನು. ನಮಗೆ ಗೊತ್ತಿತ್ತು. “ನೀವು ಯಾವ ಜನ?” ಎಂದು ಕೇಳುತ್ತಾಳೆ. ತಂಗಿಯನ್ನು ದೂರುವ ಅಧಿಕಾರ ನಮಗಿಲ್ಲ. ನಮ್ಮ ಮನೆಯ ಹೊರಕೋಣೆಯನ್ನು ಬಾಡಿಗೆಗೆ ಕೊಡುವಾಗ ನಾವೂ ಅದನ್ನೇ ಕೇಳಿದ್ದೆವು. ನಮ್ಮ ಷರತ್ತು ಯಾವ ಪತ್ರದಲ್ಲಿಯೂ ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅವನು ಆ ಹಳೆಯ ಪತ್ರವನ್ನು ಹರಿದುಹಾಕಲಿಲ್ಲ. ಮಗಳು ದೊಡ್ಡವಳಾದಮೇಲೆ ಓದಲಿ ಎಂದು ಕಟ್ಟಿನಲ್ಲಿಯೇ ಇಟ್ಟನು. ನಾವು ಊರಿಗೆ ಬಂದು ತಂಗಿಯ ಮನೆಗೆ ಹೋಗಿ ಈ ಸಂಗತಿಯನ್ನೆಲ್ಲ ತಿಳಿಸಿದೆವು. ಮಹಡಿ ಮನೆ ಆಗ ಖಾಲಿಯಿತ್ತು. ಮುಂದಿನ ವಾರ ಕೇಳಿಕೊಂಡು ಬಂದವರನ್ನು ಅವಳು ಕೇಳಿದ್ದು ಎರಡೇ ಮಾತು: ಮನೆಯಲ್ಲಿ ಎಷ್ಟು ಮಂದಿ, ಎಂದಿನಿಂದ ಬರುತ್ತೀರಿ.